ಬಡಿತ ಇಳಿದಾಗ ನಾನು ಖುಷಿಪಟ್ಟೆ

ಚಿತ್ರದುರ್ಗದಲ್ಲಿ ಹುಡುಗರಿಗೆ ಓಟ ಕಲಿಸುವುದು ನನ್ನ ಕೆಲಸ. ಹೆಚ್ಚಿನವರು ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ಬರುತ್ತಾರೆ. ಅವರಿಗೆ 1600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿದರೆ ಸಾಕು. ಬೆಟ್ಟದ ಓಟವೇ ಬೇಕು ಎಂದು ಬಂದವನು ಒಬ್ಬನೇ, 22ರ ಹುಡುಗ. ವಾರಕ್ಕೆ ಐದು ದಿನ ಅವನಿಂದ ಜೋಗಿಮಟ್ಟಿ ಬೆಟ್ಟದ ಏರು ಹತ್ತಿಸಿದೆ.

ಬೆಟ್ಟದಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವ ಲೆಕ್ಕ ನಡೆಯಲ್ಲ. ಕಡಿದಾದ ಏರಿನಲ್ಲಿ ಬಿರುಸಾಗಿ ನಡೆದರೂ ಎದೆ ಬಡಿತ ನಿಮಿಷಕ್ಕೆ 150 ದಾಟಬಹುದು. ಅದಕ್ಕೇ ಅವನ ಎದೆಗೆ ಬಡಿತ ಎಣಿಸುವ ಪಟ್ಟಿ ಕಟ್ಟಿಸಿ, ಬಡಿತ ನೋಡಿಕೊಂಡು ಓಡಿಸುತ್ತಿದ್ದೆ. 220ರಲ್ಲಿ ವಯಸ್ಸು ಕಳೆಯುವುದು ಬರೀ ಅಂದಾಜು. ಆ ಲೆಕ್ಕದಲ್ಲಿ ಇವನ ಗರಿಷ್ಠ ಬಡಿತ 198. ಜೀವ ಬಿಟ್ಟು ಓಡಿದ ದಿನ 205 ಮುಟ್ಟಿದ್ದ.

ಆರನೇ ವಾರ ಅದೇ ಏರಿನಲ್ಲಿ 172 ಇರುತ್ತಿದ್ದ ಬಡಿತ 158ಕ್ಕೇ ನಿಂತಿತು. ನನಗೆ ತುಂಬಾ ಖುಷಿ. ಹೃದಯ ಗಟ್ಟಿಯಾಗಿದೆ, ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತಿದೆ ಅಂದುಕೊಂಡೆ. ಇನ್ನೊಂದು ಏರು ಸೇರಿಸಿದೆ. ಹುಡುಗ ಸುಮ್ನೆ ತಲೆಯಾಡಿಸಿದ.

ನಾನು ಜೊತೆಗೆ ಗಡಿಯಾರವನ್ನೂ ನೋಡಬೇಕಿತ್ತು. ಬಡಿತ ಇಳಿದು ಸಮಯ ಅಷ್ಟೇ ಇದ್ದರೆ, ಇಲ್ಲವೇ ಕಡಿಮೆಯಾದರೆ, ಅದು ಬಲ. ಅವನಿಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತಿತ್ತು. ದಣಿವು ಆಳಕ್ಕೆ ಇಳಿದಾಗ ಎಷ್ಟು ನೂಕಿದರೂ ಬಡಿತ ಮೇಲೇಳುವುದಿಲ್ಲ. ಬೆಳಗಿನ ನಾಡಿ ಏರಿದರೆ ದಣಿವು ಅನ್ನುವುದು ನನಗೆ ಗೊತ್ತಿತ್ತು. ಓಡುವಾಗ ಬಡಿತ ಇಳಿದರೂ ದಣಿವೇ ಇರಬಹುದು ಅಂತ ಹೊಳೆಯಲೇ ಇಲ್ಲ.

ಒಂದು ದಿನ ಅವನು ಅರ್ಧ ದಾರಿಯಲ್ಲೇ ಕೂತುಬಿಟ್ಟ.

"ಸರ್, ಕಾಲು ನಂದಲ್ಲ ಅನ್ನಿಸ್ತಿದೆ. ರಾತ್ರಿ ನಿದ್ದೆನೂ ಬರ್ತಿಲ್ಲ."

"ಎಷ್ಟು ದಿನ ಆಯ್ತೋ?"

"ಎರಡು ವಾರದ ಮೇಲಾಯ್ತು ಸರ್. ಬಡಿತ ಚೆನ್ನಾಗಿದೆ ಅಂದ್ರಲ್ಲ, ಅದಕ್ಕೇ ಹೇಳಲಿಲ್ಲ."

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ಸರಿ ಇದ್ದವು. ಬೇರೆ ಕಾಯಿಲೆ ಇಲ್ಲ ಎಂದು ಗೊತ್ತಾದ ಮೇಲೇ ಇದು ಅತಿ ತರಬೇತಿಯ ದಣಿವು ಎಂದರು. ಮನೆಗೆ ಬಂದು ನನ್ನ ಪುಸ್ತಕ ತೆಗೆದೆ. ಇಳಿಯುವಾಗ ಅವನ ಬಡಿತ 125 ಇರುತ್ತಿತ್ತು, ನಾನು ಅದನ್ನು 'ಸುಲಭ' ಎಂದು ಬರೆದಿದ್ದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಅದರ ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳುವುದು ಅಲ್ಲೇ. ಎದೆಯ ಪಟ್ಟಿಗೆ ಅದು ಹೇಗೆ ಕಾಣಬೇಕು? ಮಧ್ಯಾಹ್ನ ಅವನು ಎಪಿಎಂಸಿಯಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ. ಅದೂ ಪುಸ್ತಕದಲ್ಲಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಮೂರು ವಾರ ಓಟ ಪೂರ್ತಿ ಬಿಡಿಸಿದೆ. ಆಮೇಲೆ ಚಂದ್ರವಳ್ಳಿ ಕಡೆ ನಿಧಾನದ ಓಟ, ಮಾತಾಡಿಕೊಂಡು ಹೋಗುವಷ್ಟು. ಈಗ ನನ್ನ ಹುಡುಗರೆಲ್ಲ ಹಾಸಿಗೆ ಬಿಟ್ಟು ಏಳುವ ಮುಂಚೆ ನಾಡಿ ಎಣಿಸಿ ಬರೆಯುತ್ತಾರೆ. ಎಷ್ಟು ಹೊತ್ತು ಮಲಗಿದರು, ಹಿಂದಿನ ದಿನ ಏನು ಕೆಲಸ ಮಾಡಿದರು ಅನ್ನುವುದನ್ನೂ ಬರೆಯುತ್ತಾರೆ. ಎರಡು ದಿನ ನಾಡಿ ಆರೇಳು ಜಾಸ್ತಿ ಬಂದರೆ ಅವತ್ತು ಏರು ಇಲ್ಲ. ಜೋರಾಗಿ ಇಳಿಯುವುದು ವಾರಕ್ಕೆ ಒಂದೇ ಸಲ. ಪಟ್ಟಿಯ ಅಂಕಿ ನೋಡುವ ಮುಂಚೆ ಹುಡುಗನ ಮುಖ ನೋಡುತ್ತೇನೆ, ಹೇಗಿದ್ದೀಯ ಅಂತ ಕೇಳುತ್ತೇನೆ.

ಮೂರನೇ ತಿಂಗಳು ಅದೇ ಏರಿನಲ್ಲಿ ಅವನ ಬಡಿತ ಮತ್ತೆ 170 ಮುಟ್ಟಿತು. ಅವತ್ತು ನನ್ನ ಮನಸ್ಸಿಗೆ ಸಮಾಧಾನವಾಯಿತು.