ಚಾರ್ಜರ್ ಕಿತ್ತಿಟ್ಟು ಎಸಿ ಗ್ಯಾಸ್ ಬಿಟ್ಟೋನ ಲೆಕ್ಕ

ಸುಮಾರು ವರ್ಷ ನಾನು ಮನೇಲಿ ಒಂಥರಾ ಚಾರ್ಜರ್ ಪೊಲೀಸ್ ಆಗಿದ್ದೆ. ಯಾರೇ ಫೋನ್ ತಗೊಂಡು ಚಾರ್ಜರನ್ನ ಹಂಗೇ ಗೋಡೇಲಿ ಬಿಟ್ಟು ಹೋದ್ರೆ ಹಿಂದೇನೇ ಹೋಗಿ ಸ್ವಿಚ್ ಆಫ್ ಮಾಡೋದು, ಜೊತೆಗೆ ಭೂಮಿ ಬಿಸಿಯಾಗ್ತಿರೋದರ ಬಗ್ಗೆ ಎರಡು ನಿಮಿಷ ಭಾಷಣ. ಆಮೇಲೆ ಒಂದಿನ ಪ್ಲಗ್‌ಗೆ ಸಿಕ್ಕಿಸೋ ಒಂದು ಪುಟಾಣಿ ವಿದ್ಯುತ್ ಮೀಟರ್ ತಂದೆ ನೋಡಿ, ನನ್ನ ಪೊಲೀಸ್ ಕೆಲಸ ಅವತ್ತೇ ಹೋಯ್ತು. ಖಾಲಿ ಚಾರ್ಜರ್‌ಗೆ ಮೀಟರ್ ಸೊನ್ನೆ ಬಿಟ್ಟು ಬೇರೆ ಏನೂ ತೋರಿಸ್ಲಿಲ್ಲ. ಈಗಿನ ಚಾರ್ಜರ್‌ಗಳು ಸುಮ್ನೆ ಸಿಕ್ಕೊಂಡಿದ್ರೆ ತಗೊಳ್ಳೋದು 0.1 ವ್ಯಾಟ್ ಆಸುಪಾಸು, ಅಂದ್ರೆ ವರ್ಷಪೂರ್ತಿ ಬಿಟ್ರೂ ಒಂದು ಯೂನಿಟ್ ಮುಟ್ಟಲ್ಲ.

ಈಗ ಸ್ನಾನದ ಮನೆಗೆ ಬನ್ನಿ. 15 ಲೀಟರ್ ಗೀಸರ್, 25 ಡಿಗ್ರಿ ಇರೋ ನೀರನ್ನ 60ಕ್ಕೆ ಏರಿಸ್ಬೇಕು, ಸ್ಕೂಲಲ್ಲಿ ಕಲ್ತ ಫಿಸಿಕ್ಸೇ ಸಾಕು ಲೆಕ್ಕ ಹಾಕೋಕೆ, 0.6 ಯೂನಿಟ್ ಬರುತ್ತೆ. ಅಷ್ಟು ಕರೆಂಟಲ್ಲಿ 9 ವ್ಯಾಟ್ ಎಲ್‌ಇಡಿ ಬಲ್ಬ್ 65 ಗಂಟೆಗೂ ಜಾಸ್ತಿ ಉರಿಯುತ್ತೆ, ಒಂದು ಫೋನನ್ನ ಹೆಚ್ಚುಕಮ್ಮಿ ಒಂದು ತಿಂಗಳು ದಿನಾ ಚಾರ್ಜ್ ಮಾಡ್ಬಹುದು. ಮತ್ತೆ ನಾನು, ಚಾರ್ಜರ್ ಆಫ್ ಮಾಡಿದ ಪುಣ್ಯಾತ್ಮ, ಗೀಸರ್ ಆನ್ ಮಾಡಿ ಪೇಪರ್ ಓದ್ತಾ ಕೂತು ಮರ್ತೇಬಿಡ್ತಿದ್ದೆ, ಅದು ಪಾಪ ತಣ್ಣಗಾದಾಗೆಲ್ಲಾ ಮತ್ತೆ ಮತ್ತೆ ಕಾಯಿಸ್ಕೊಂಡು ಕೂತಿರ್ತಿತ್ತು.

ಅವತ್ತಿಂದ ನನಗೊಂದು ವಿಷಯ ತಲೆಗೆ ಹೋಯ್ತು. ಬೆಳಕು ಕೊಡೋದು, ಮಾತಾಡೋದು, ಸ್ಕ್ರೀನ್ ತೋರಿಸೋದು ಇವೆಲ್ಲ ಕಣ್ಣಿಗೆ ಕಾಣುತ್ತೆ ಅಂತ ನಾವು ಅದರ ಹಿಂದೆ ಬೀಳ್ತೀವಿ. ನಿಜವಾಗಿ ಶಕ್ತಿ ತಿನ್ನೋದು ಅಂದ್ರೆ ಬಿಸಿ ಮಾಡೋದು, ತಣ್ಣಗೆ ಮಾಡೋದು, ಭಾರ ಹೊತ್ಕೊಂಡು ಓಡಾಡೋದು. ಹನಿ ಹನಿ ಕೂಡಿದ್ರೆ ಹಳ್ಳ ಅಂತಾರೆ, ಒಪ್ತೀನಿ, ಆದ್ರೆ ತೂಬು ತೆರೆದಿಟ್ಕೊಂಡು ಹನಿ ಎಣಿಸ್ತಾ ಕೂತ್ರೆ ಕೆರೆ ಉಳಿಯುತ್ತಾ?

ಭಾರ ಅಂದೆ ಅಲ್ವಾ, ಪೆಟ್ರೋಲ್ ವಿಷ್ಯ ಹೇಳ್ಬೇಕು. ಒಂದು ಲೀಟರ್ ಪೆಟ್ರೋಲ್ ತೂಗೋದು ಮುಕ್ಕಾಲು ಕೆಜಿ, ಅದು ಸುಟ್ಟಾಗ ಹೊರಗೆ ಬರೋ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.3 ಕೆಜಿ! ಮೊದಲ್ನೇ ಸಲ ಓದಿದಾಗ ಪ್ರಿಂಟ್ ಮಿಸ್ಟೇಕ್ ಅನ್ಕೊಂಡೆ. ಮಿಸ್ಟೇಕ್ ಅಲ್ಲ, ಪೆಟ್ರೋಲಲ್ಲಿರೋ ಒಂದೊಂದು ಕಾರ್ಬನ್ ಪರಮಾಣೂನೂ ಗಾಳಿಯಿಂದ ಎರಡೆರಡು ಆಮ್ಲಜನಕ ಎಳ್ಕೊಂಡು ಹೊರಗೆ ಹೋಗುತ್ತೆ, ತೂಕ ಅಲ್ಲಿಂದ ಬಂದಿದ್ದು. ಕೈಗಾರಿಕೆಗಳು ಶುರುವಾಗೋಕೆ ಮುಂಚೆ ಗಾಳೀಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದ ಈ ಅನಿಲ ಈಗ 420 ದಾಟಿದೆ ಅಂದ್ರೆ ಅದ್ರಲ್ಲಿ ನನ್ನ ಟ್ಯಾಂಕಿಂದೂ ಒಂದಿಷ್ಟಿದೆ. ನಡೆದು ಹೋಗೋ ದೂರಕ್ಕೆ ಕಾರ್ ತೆಗೆಯೋದನ್ನ ನಿಲ್ಸಿದೀನಿ, ಪೂರ್ತಿ ಅಲ್ಲ, ಮಳೆ ಬಂದ್ರೆ ಈಗ್ಲೂ ಸೋಲ್ತೀನಿ.

ಆದ್ರೆ ನನಗೆ ನಿಜವಾಗ್ಲೂ ನಾಚಿಕೆ ಆಗಿದ್ದು ಎಸಿ ವಿಷ್ಯದಲ್ಲಿ. ನಮ್ಮ ಎಸಿ ಪ್ರತಿ ಬೇಸಿಗೆ ತಂಪು ಕಮ್ಮಿ ಮಾಡ್ತಿತ್ತು, ಫೋನ್ ಮಾಡ್ದೆ ಅಂದ್ರೆ ಒಬ್ಬರು ಬಂದು "ಗ್ಯಾಸ್ ಖಾಲಿ ಸಾರ್" ಅಂತ ಹೇಳಿ ತುಂಬಿಸಿ ಹೋಗ್ತಿದ್ರು, ಮುಂದಿನ ಬೇಸಿಗೆ ಮತ್ತೆ ಅದೇ ಕಥೆ, ಮೂರು ವರ್ಷ ಹಿಂಗೇ ನಡೀತು. ನನಗೆ ಆವಾಗ ಹೊಳೀಲೇ ಇಲ್ಲ, ಎಸಿ ಗ್ಯಾಸ್ ಏನು ಪೆಟ್ರೋಲಾ ಖರ್ಚಾಗೋಕೆ? ಅದು ಮುಚ್ಚಿದ ಪೈಪಲ್ಲೇ ಸುತ್ತುತ್ತಾ ಇರ್ಬೇಕು. ಖಾಲಿ ಆಯ್ತು ಅಂದ್ರೆ ಎಲ್ಲೋ ಲೀಕ್ ಇದೆ, ಗಾಳಿಗೆ ಹೋಗಿದೆ ಅಂತ ಅರ್ಥ. ಈಗ ಹೊಸ ಎಸಿಗಳಲ್ಲಿ ಹೆಚ್ಚಾಗಿರೋ ಆರ್-32 ಅನ್ನೋ ಗ್ಯಾಸು ಕೂಡ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 675 ಪಟ್ಟು ಶಾಖ ಹಿಡಿಯುತ್ತೆ, ಹಳೇ ಆರ್-410ಎ ಆದ್ರೆ 2,000 ಪಟ್ಟಿಗೂ ಹೆಚ್ಚು. ಅಂದ್ರೆ ಆರ್-410ಎ ಒಂದು ಕೆಜಿ ಸೋರಿದ್ರೆ ಸುಮಾರು 900 ಲೀಟರ್ ಪೆಟ್ರೋಲ್ ಸುಟ್ಟಂಗೆ. ನಮ್ಮದು ಹಳೇದು. ಎಷ್ಟು ಸಾವಿರ ಚಾರ್ಜರ್ ಕಿತ್ತಿಡ್ಬೇಕು ಇದಕ್ಕೆ, ನೀವೇ ಲೆಕ್ಕ ಹಾಕಿ. ನಾಲ್ಕನೇ ಸಲ ಬೇರೆಯವರನ್ನ ಕರ್ಸಿ "ಮೊದ್ಲು ಲೀಕ್ ಎಲ್ಲಿದೆ ಹುಡುಕಿ, ಆಮೇಲೆ ಗ್ಯಾಸ್ ಮಾತು" ಅಂದೆ, ಜಾಯಿಂಟ್ ಮೇಲೆ ಸೋಪ್ ನೀರು ಹಾಕಿದ ತಕ್ಷಣ ಗುಳ್ಳೆ ಬಂತು. ಒಂದು ನಟ್ಟು, ಅಷ್ಟೇ! ಎಸಿ ಇರೋರು ದಯವಿಟ್ಟು ಈ ಒಂದು ಮಾತು ನೆನಪಿಟ್ಕೊಳ್ಳಿ, ಇನ್ನು ಎಸಿ ಗುಜರಿಗೆ ಹಾಕೋವಾಗ್ಲೂ ಪೈಪ್ ಕತ್ತರಿಸಿ ಗ್ಯಾಸ್ ಹಾರಿಸೋಕೆ ಬಿಡ್ಬೇಡಿ, ಅದನ್ನ ಸಿಲಿಂಡರ್‌ಗೆ ವಾಪಸ್ ಎಳ್ಕೊಳ್ಳೋ ಮೆಷಿನ್ ಇದೆ, ಕೇಳಿ.

ಊಟ ಚೆಲ್ಲೋದು ಇನ್ನೊಂದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರ ಲೆಕ್ಕದಲ್ಲಿ 2022ರಲ್ಲಿ ಜಗತ್ತಲ್ಲಿ ಸುಮಾರು 105 ಕೋಟಿ ಟನ್ ಆಹಾರ ವೇಸ್ಟ್ ಆಗಿದೆ, ಅದರಲ್ಲಿ 60 ಪರ್ಸೆಂಟ್ ಮನೆಗಳಿಂದಾನೇ. ಹೋಟೆಲ್, ಅಂಗಡಿ ಎಲ್ಲಾ ಸೇರಿದ್ರೂ ನಮ್ಮ ನಿಮ್ಮ ಫ್ರಿಜ್ಜಿನ ಹಿಂದಿನ ಮೂಲೆಗೆ ಸಮ ಬರಲ್ಲ ಅಂತಾಯ್ತು. ಕಸದ ಗುಡ್ಡೆಯಡಿ ಗಾಳಿ ಇಲ್ದೆ ಕೊಳೆತಾಗ ಮೀಥೇನ್ ಬರುತ್ತೆ, ಅದೂ ಭೂಮಿ ಬಿಸಿ ಮಾಡೋ ಗ್ಯಾಸೇ, ಅದಕ್ಕೇ ಮನೇಲೇ ಗೊಬ್ಬರ ಮಾಡೋದು ಒಳ್ಳೇದೇ, ನಾನೂ ಮಾಡ್ತೀನಿ. ಆದ್ರೆ ಗೊಬ್ಬರ ಮಾಡ್ತೀವಲ್ಲ ಅಂತ ಧೈರ್ಯವಾಗಿ ಜಾಸ್ತಿ ಬೇಯಿಸಿ ಚೆಲ್ಲೋದಿದ್ಯಲ್ಲ, ಅದು ಸರಿಯಿಲ್ಲ, ಬೆಳೆಯೋಕೆ, ಸಾಗ್ಸೋಕೆ, ಬೇಯ್ಸೋಕೆ ಸುಟ್ಟಿದ್ದೆಲ್ಲಾ ಆಗ್ಲೇ ಮೇಲೆ ಹೋಗಿರುತ್ತೆ.

ಬಟ್ಟೆ ಬ್ಯಾಗ್ ಬಗ್ಗೆ ಜಾಸ್ತಿ ಹೇಳಲ್ಲ, ಇರೋದನ್ನೇ ಹರಿಯೋ ತನಕ ಬಳಸಿ, ಕಂಡಕಂಡಲ್ಲಿ ಫ್ರೀ ಕೊಟ್ರು ಅಂತ ತಂದು ಹತ್ತು ಇಟ್ಕೊಂಡ್ರೆ ಅದೂ ಕಸವೇ. ಫೋನಿಗೂ ಇದೇ ಮಾತು, ಅದರ ಮಾಲಿನ್ಯದ ದೊಡ್ಡ ಪಾಲು ನಾವು ಡಬ್ಬ ತೆಗೆಯೋ ಮುಂಚೆನೇ ಫ್ಯಾಕ್ಟರೀಲಿ ಆಗಿಹೋಗಿರುತ್ತೆ.

ಇದನ್ನೆಲ್ಲ ಹೇಳಿದ್ರೆ ನನ್ನ ಫ್ರೆಂಡ್ ಒಬ್ಬ ನಗ್ತಾನೆ, "ಕಂಪನಿಗಳು ಹೊಗೆ ಬಿಡ್ತಿರ್ಲಿ, ನೀನು ಗೀಸರ್ ಆಫ್ ಮಾಡ್ಕೊಂಡಿರು" ಅಂತ. ಅವನ ಮಾತಲ್ಲೂ ಅರ್ಥ ಇದೆ, "ಕಾರ್ಬನ್ ಹೆಜ್ಜೆಗುರುತು" (ಒಬ್ಬೊಬ್ಬರಿಂದ ಗಾಳಿಗೆ ಎಷ್ಟು ಕಾರ್ಬನ್ ಹೋಗುತ್ತೆ ಅನ್ನೋ ಲೆಕ್ಕ) ಅನ್ನೋ ಮಾತನ್ನ ಜನರ ಬಾಯಿಗೆ ತಂದಿದ್ದೇ ಬಿಪಿ ಅನ್ನೋ ತೈಲ ಕಂಪನಿಯ 2000ದ ದಶಕದ ಜಾಹೀರಾತುಗಳು, ತಪ್ಪನ್ನ ನಮ್ಮ ತಲೆ ಮೇಲೆ ಹಾಕೋಕೆ ಸುಲಭದ ದಾರಿ. ಹಂಗಂತ ಕೈಕಟ್ಟಿ ಕೂರೋಕೂ ನನಗಾಗಲ್ಲ. ಅದಕ್ಕೇ ಮನೆಯಿಂದ ಆಚೆ ನನ್ನ ಕೈಲಿ ಏನಾಗುತ್ತೆ ಅಂತ ಹುಡುಕಿದೆ. ಆಫೀಸಲ್ಲಿ ವರ್ಷಕ್ಕೊಂದು ಮೀಟಿಂಗಿಗೆ ಆರು ಜನ ಸಮುದ್ರ ದಾಟಿ ವಿಮಾನದಲ್ಲಿ ಹೋಗ್ತಿದ್ವಿ, ಅಷ್ಟು ದೂರ ಹೋಗಿ ಬರೋಕೆ ತಲಾ ಒಂದೂವರೆ ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಕಮ್ಮಿಯಿಲ್ಲ. ವಿಡಿಯೋ ಕಾಲಲ್ಲೇ ಮುಗಿಸೋಣ್ವಾ ಅಂತ ಮೂರು ಸಾಲಿನ ಮೇಲ್ ಹಾಕಿದೆ. ಇಬ್ಬರು ಬೇಜಾರು ಮಾಡ್ಕೊಂಡ್ರು, ಟ್ರಿಪ್ ಹೋಯ್ತಲ್ಲ ಅಂತ. ಈ ವರ್ಷಕ್ಕೆ ಮಾತ್ರ ಒಪ್ಪಿದಾರೆ, ಮುಂದಿನ ವರ್ಷ ಮತ್ತೆ ಮೇಲ್ ಹಾಕ್ಬೇಕು.