ಯುಆರ್‌ಎಲ್‌ನಲ್ಲಿ ಒಂದೇ ಒಂದು ಪ್ಯಾರಾಮೀಟರ್ ಬದಲಿಸುವಾಗ

ಯುಆರ್‌ಎಲ್ ಹೀಗಿದೆ ಅಂದುಕೊಳ್ಳಿ (ಓದಲು ಸುಲಭವಾಗಲೆಂದು ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ):

/ಪಟ್ಟಿ?ಉಪಪುಟ=7&ಪುಟ=2&ಕ್ರಮ=ಹೊಸದು#ಕೆಳಗೆ

? ನಂತರದ ‘ಹೆಸರು=ಮೌಲ್ಯ’ ಜೋಡಿಗಳೇ ಪ್ಯಾರಾಮೀಟರ್‌ಗಳು. ‘ಪುಟ’ 2 ಇದ್ದದ್ದು 3 ಆಗಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ರೆಗೆಕ್ಸ್ (ಪಠ್ಯದಲ್ಲಿ ಹುಡುಕಬೇಕಾದ್ದನ್ನು ಹೇಳುವ ಪ್ಯಾಟರ್ನ್) ಬಳಸುವುದುಂಟು. ಕೋಡ್ ರಿವ್ಯೂಗೆ ಬರುವ ಪ್ಯಾಟರ್ನ್ ಸಾಮಾನ್ಯವಾಗಿ /ಪುಟ=.*/ ಎಂದಿರುತ್ತದೆ. ಅದನ್ನು ‘ಪುಟ=3’ ಎಂದು ರಿಪ್ಲೇಸ್ ಮಾಡಿದರೆ ಉಳಿಯುವುದು ಇಷ್ಟೇ:

/ಪಟ್ಟಿ?ಉಪಪುಟ=3

‘ಉಪಪುಟ’ದ ಬಾಲವೇ ಮೊದಲು ಮ್ಯಾಚ್ ಆಯಿತು, ಡಾಟ್-ಸ್ಟಾರ್ (ಯಾವ ಅಕ್ಷರವಾದರೂ, ಎಷ್ಟಾದರೂ) ಕೊನೆಯವರೆಗೂ ನುಂಗಿತು. ಎರಡೂ ಕಡೆ ಗಡಿ ಹಾಕಬೇಕು:

/([?&]ಪುಟ=)[^&#]*/

ಹೆಸರಿನ ಹಿಂದೆ ? ಅಥವಾ & ಇರಲೇಬೇಕು; ಮೌಲ್ಯ ಮುಂದಿನ & ಅಥವಾ # ಬಂದ ಕೂಡಲೇ ನಿಲ್ಲುತ್ತದೆ. ಕೊನೆಯಲ್ಲಿ ಪ್ಲಸ್ (ಕನಿಷ್ಠ ಒಂದು ಅಕ್ಷರ) ಬೇಡ, ಸ್ಟಾರ್ (ಸೊನ್ನೆಯಾದರೂ ಸರಿ) ಇರಲಿ; ‘ಪುಟ=’ ಎಂದು ಖಾಲಿ ಬಿಟ್ಟದ್ದೂ ಸಿಗಬೇಕಲ್ಲ. [?&] ಬದಲು ವರ್ಡ್ ಬೌಂಡರಿ (ಪದದ ಅಂಚನ್ನು ಗುರುತಿಸುವ \b) ಸಾಕು ಎನ್ನುವವರಿದ್ದಾರೆ. ಹೆಸರಿನಲ್ಲಿ ಹೈಫನ್ ಬಂದರೆ ಅದು ಕೈಕೊಡುತ್ತದೆ; ಹೈಫನ್ ಪಕ್ಕವೂ ಅದಕ್ಕೆ ಪದದ ಅಂಚೇ.

ನಿಜವಾದ ಕಾಟ ರಿಪ್ಲೇಸ್‌ಮೆಂಟ್ ಸ್ಟ್ರಿಂಗ್‌ನದು. $1 (ಪ್ಯಾಟರ್ನ್‌ನ ಆವರಣದೊಳಗಿನ ಭಾಗಕ್ಕೆ, ಅಂದರೆ ಗ್ರೂಪ್‌ಗೆ, ಸಿಕ್ಕ ಪಠ್ಯ) ಜೊತೆ ಹೊಸ ಮೌಲ್ಯವನ್ನು ಹಾಗೇ ಅಂಟಿಸುತ್ತೇವೆ. ‘ಬೆಲೆ’ ಪ್ಯಾರಾಮೀಟರ್‌ಗೆ ಬಳಕೆದಾರರು $100 ಎಂದು ಟೈಪ್ ಮಾಡಿದರೆ, ಅದರೊಳಗಿನ $1 ಕೂಡ ಗ್ರೂಪ್ ಎಂದೇ ಲೆಕ್ಕ. ಫಲಿತಾಂಶ &ಬೆಲೆ=&ಬೆಲೆ=00. ಎರರ್ ಬರುವುದಿಲ್ಲ, ಕನ್ಸೋಲ್ ಕೂಡ ಸುಮ್ಮನಿರುತ್ತದೆ. ಆದ್ದರಿಂದ ಸ್ಟ್ರಿಂಗ್ ಬದಲು ಫಂಕ್ಷನ್ ಕೊಡಿ. ಅದು ಹಿಂತಿರುಗಿಸಿದ ಪಠ್ಯದಲ್ಲಿ ಡಾಲರ್‌ಗೆ ವಿಶೇಷ ಅರ್ಥವಿಲ್ಲ. ಮೌಲ್ಯವನ್ನು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ (ವಿಶೇಷ ಚಿಹ್ನೆಗಳನ್ನು % ಸಂಕೇತಗಳಾಗಿಸುವ ಫಂಕ್ಷನ್) ಮೂಲಕವೇ ಹಾಯಿಸಿ. ಎನ್‌ಕೋಡ್‌ಯುಆರ್‌ಐ ಸಾಲದು, ಅದು & ಮತ್ತು # ಎರಡನ್ನೂ ಮುಟ್ಟುವುದಿಲ್ಲ.

ಪ್ಯಾರಾಮೀಟರ್ ಇಲ್ಲದಿದ್ದರೆ ರಿಪ್ಲೇಸ್ ಹಳೆಯ ಯುಆರ್‌ಎಲ್ಲನ್ನೇ ಮರಳಿಸುತ್ತದೆ. ಮೊದಲು ಟೆಸ್ಟ್ ಮಾಡಿ, ಇಲ್ಲದಿದ್ದರೆ # ಬರುವುದಕ್ಕೆ ಮೊದಲೇ ಸೇರಿಸಿ. ಆ ಟೆಸ್ಟ್‌ಗೆ ಬಳಸುವ ರೆಗೆಕ್ಸ್‌ನಲ್ಲಿ ಗ್ಲೋಬಲ್ ಫ್ಲ್ಯಾಗ್ (ಎಲ್ಲ ಮ್ಯಾಚ್‌ಗಳನ್ನೂ ಹುಡುಕು ಎನ್ನುವ g) ಇರಬಾರದು: ಲಾಸ್ಟ್‌ಇಂಡೆಕ್ಸ್ (ಹಿಂದಿನ ಹುಡುಕಾಟ ನಿಂತ ಜಾಗ) ನೆನಪಿಟ್ಟುಕೊಂಡು, ಅದೇ ಯುಆರ್‌ಎಲ್‌ಗೆ ಒಮ್ಮೆ ಹೌದು, ಮರುಸಲ ಇಲ್ಲ ಎನ್ನುತ್ತದೆ.

ಲುಕ್‌ಬಿಹೈಂಡ್ (ಹಿಂದೇನಿದೆ ಎಂದು ನೋಡಿಯೂ ಅದನ್ನು ಮ್ಯಾಚ್‌ಗೆ ಸೇರಿಸದ ರೆಗೆಕ್ಸ್ ಸೌಲಭ್ಯ) ಬಳಸಿದರೆ ಗ್ರೂಪ್ ಬೇಕಿಲ್ಲ, ನಿಜ. ಆದರೆ ಸಫಾರಿಗೆ ಅದು ಬಂದದ್ದು 16.4ರಲ್ಲಿ, 2023ರಲ್ಲಿ. ಹಳೆಯ ಐಫೋನ್‌ನಲ್ಲಿ ಅಂಥ ಒಂದು ಲಿಟರಲ್ ಇದ್ದರೆ ಸಿಂಟ್ಯಾಕ್ಸ್ ಎರರ್ ಆಗಿ ಇಡೀ ಸ್ಕ್ರಿಪ್ಟೇ ಓಡುವುದಿಲ್ಲ.

ಇಷ್ಟೆಲ್ಲ ಯಾಕೆ, ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ (ಪ್ಯಾರಾಮೀಟರ್ ಓದಿ ಬರೆಯಲು ಬ್ರೌಸರ್‌ನಲ್ಲೇ ಇರುವ ಸಾಧನ) ಇದೆಯಲ್ಲ? ಬಹುತೇಕ ಕಡೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಅದು ನಾವು ಮುಟ್ಟದ ಪ್ಯಾರಾಮೀಟರ್‌ಗಳನ್ನೂ ಮರಳಿ ಬರೆಯುತ್ತದೆ: %20 ಇದ್ದಲ್ಲಿ + ಬರುತ್ತದೆ. ಕ್ವೆರಿ ಸ್ಟ್ರಿಂಗ್ (? ನಂತರದ ಭಾಗ) ಇದ್ದಂತೆಯೇ ಇರಬೇಕಾದ ಕಡೆ ಮಾತ್ರ ರೆಗೆಕ್ಸ್‌ಗೆ ಕೈಹಾಕುತ್ತೇನೆ.