ಮನೆ ತಪಾಸಣೆ ಮಾಡೋಕೆ ಲೈಸೆನ್ಸ್ ಎಲ್ಲಿ ಸಿಗುತ್ತೆ?

ಕೋಲಾರದ ಸುತ್ತಮುತ್ತ ಸಿವಿಲ್ ಓದಿದ ಹುಡುಗರು ನನಗೆ ಫೋನ್ ಮಾಡಿದರೆ ಕೇಳುವುದು ಇದೊಂದೇ. "ಸಾರ್, ಮನೆ ಕೊಳ್ಳೋರಿಗೆ ಮುಂಚೆನೇ ಮನೆ ನೋಡಿ ರಿಪೋರ್ಟ್ ಕೊಡ್ತೀರಲ್ಲ, ಅದಕ್ಕೆ ಲೈಸೆನ್ಸ್ ಎಲ್ಲಿ ಮಾಡಿಸ್ಬೇಕು?" ಕಳೆದ ವಾರ ಬಂಗಾರಪೇಟೆಯ ಹುಡುಗನೊಬ್ಬ ಕೇಳಿದ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಸೈಟ್‌ನಲ್ಲಿ ದುಡಿದಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಅಂಥ ಲೈಸೆನ್ಸ್ ನಮ್ಮಲ್ಲಿ ಇಲ್ಲ. ಹೋಮ್ ಇನ್‌ಸ್ಪೆಕ್ಟರ್ ಅಂತ ಕೆಲಸ ಮಾಡಲು ಕರ್ನಾಟಕದಲ್ಲಾಗಲಿ, ದೇಶದಲ್ಲಾಗಲಿ ಸರ್ಕಾರಿ ಲೈಸೆನ್ಸ್ ಇಟ್ಟಿಲ್ಲ. ಯೂಟ್ಯೂಬ್‌ನಲ್ಲಿ ನೋಡಿರುವುದು ಅಮೆರಿಕದ ಕತೆ. ಅಲ್ಲೂ ರಾಜ್ಯಕ್ಕೊಂದು ನಿಯಮ. ಟೆಕ್ಸಾಸ್‌ನಲ್ಲಿ ಓದಿ, ಪರೀಕ್ಷೆ ಬರೆದು ಲೈಸೆನ್ಸ್ ತಗೋಬೇಕು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸೇ ಇಲ್ಲ. ಇಂಟರ್‌ನಾಚಿಯಂಥ ಹೋಮ್ ಇನ್‌ಸ್ಪೆಕ್ಟರ್‌ಗಳ ಸಂಘಗಳು ಕೊಡುವುದು ಸರ್ಟಿಫಿಕೇಟ್ ಅಷ್ಟೇ. ಕಲಿಯೋಕೆ ಒಳ್ಳೆಯದು, ಖಂಡಿತ ಓದಿ. ಆದರೆ ಅದನ್ನು ತೋರಿಸಿ "ನಾನು ಲೈಸೆನ್ಸ್ ಇರೋನು" ಅಂತ ಗಿರಾಕಿಗೆ ಹೇಳಬೇಡಿ. ಅದು ಸುಳ್ಳಾಗುತ್ತದೆ.

ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ವ್ಯಾಲ್ಯೂಯರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವವರ ಜೊತೆ. ಅದು ಬೇರೆ ಕೆಲಸ. ಕಂಪನಿ ಕಾಯ್ದೆಯ 2017ರ ನಿಯಮಗಳ ಪ್ರಕಾರ ಜಮೀನು ಮತ್ತು ಕಟ್ಟಡದ ನೋಂದಾಯಿತ ವ್ಯಾಲ್ಯೂಯರ್ ಆಗಲು ಸಿವಿಲ್, ಆರ್ಕಿಟೆಕ್ಚರ್ ಅಥವಾ ಟೌನ್ ಪ್ಲಾನಿಂಗ್ ಡಿಗ್ರಿ ಬೇಕು, ಆಮೇಲೆ 5 ವರ್ಷ ಅನುಭವ ಬೇಕು. 50 ಗಂಟೆಯ ಕೋರ್ಸ್ ಮಾಡಿ, ಕೇಂದ್ರದ ದಿವಾಳಿತನ ಮಂಡಳಿ (ಐಬಿಬಿಐ) ನಡೆಸುವ ಪರೀಕ್ಷೆಯಲ್ಲಿ 60 ಪರ್ಸೆಂಟ್ ತೆಗೆಯಬೇಕು. ಡಿಗ್ರಿ ಇದ್ದರೆ ಮಾಡಿಕೊಳ್ಳಿ, ಹೆಸರಿಗೊಂದು ತೂಕ ಬರುತ್ತದೆ. ಆದರೆ ವ್ಯಾಲ್ಯೂಯರ್ ಹೇಳುವುದು ಮನೆಯ ಬೆಲೆ. ಬಾತ್‌ರೂಮಿನ ನೀರು ಪಕ್ಕದ ಗೋಡೆಗೆ ಇಳಿಯುತ್ತಿದೆಯಾ ಅಂತ ನೋಡುವುದು ಅವರ ಕೆಲಸವಲ್ಲ. ಬ್ಯಾಂಕಿನವರು ಬಂದು ನೋಡಿ ಹೋದರು, ಇನ್ನೇನು ಭಯವಿಲ್ಲ ಅಂತ ನಂಬಿ ಮೋಸ ಹೋದವರನ್ನು ಕಣ್ಣಾರೆ ಕಂಡಿದ್ದೇನೆ. ಬ್ಯಾಂಕ್ ನೋಡುವುದು ತನ್ನ ಸಾಲದ ಭದ್ರತೆಯನ್ನು.

ವೈರಿಂಗ್ ವಿಷಯದಲ್ಲಿ ಮಾತ್ರ ಜೋಪಾನ. ಆ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್, ಲೈಸೆನ್ಸ್ ನಿಜವಾಗಿಯೂ ಇವೆ. ನಾವು ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತಾ ಅಂತ ನೋಡಿ ಬರೆಯಬಹುದು. ಬೋರ್ಡ್ ಬಿಚ್ಚಿ ಸರಿ ಮಾಡಲು ಕೈ ಹಾಕಬಾರದು.

ಹಾಗಾದರೆ ಕಲಿಯಬೇಕಾದ್ದು ಏನು? ನಮ್ಮ ಊರಿನ ಮನೆಗಳನ್ನು. ಕೋಲಾರದಲ್ಲಿ ನೀರಿನ ಕಷ್ಟ ಎಲ್ಲರಿಗೂ ಗೊತ್ತು. ಟ್ಯಾಂಕರ್ ನೀರು ದುಡ್ಡು ಕೊಟ್ಟು ತರಿಸಬೇಕಾದರೆ ಮೊದಲು ಕಡಿಮೆಯಾಗುವುದು ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ನೀರುಣಿಸುವುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿನ ಕಾಂಕ್ರೀಟನ್ನು ಕಡೇ ಪಕ್ಷ 7 ದಿನ ಒದ್ದೆಯಾಗಿ ಇಡಬೇಕು. ಈಗ ಜಾಸ್ತಿ ಬಳಸುವ, ಹಾರುಬೂದಿ ಬೆರೆಸಿದ ಪಿಪಿಸಿಯಂಥ ಸಿಮೆಂಟ್ ಆದರೆ 10 ದಿನ. ಬೆಳಿಗ್ಗೆ ಒಂದು ಸಲ ಪೈಪ್ ಹಿಡಿದು ಹೋದರೆ ಮಧ್ಯಾಹ್ನಕ್ಕೆ ಸ್ಲ್ಯಾಬ್ ಒಣಗಿರುತ್ತದೆ. ಹಾಗೆ ಕಟ್ಟಿದ ಮನೆಯ ಬಿರುಕನ್ನು ಪುಟ್ಟಿ, ಪೇಂಟ್ ಒಂದಷ್ಟು ತಿಂಗಳು ಮುಚ್ಚಿಡುತ್ತವೆ.

ಇನ್ನು ಕೆಲವು ಮನೆಗಳಲ್ಲಿ ಬೋರ್‌ವೆಲ್‌ನ ಉಪ್ಪು ನೀರಲ್ಲೇ ಸಿಮೆಂಟ್ ಕಲಸಿರುತ್ತಾರೆ. ಇಟ್ಟಿಗೆಯಲ್ಲೂ ಉಪ್ಪಿದ್ದರೆ ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುತ್ತದೆ. ಕೆರೆದು ಪೇಂಟ್ ಹೊಡೆದರೆ ಮತ್ತೆ ಬರುತ್ತದೆ. ಯಾಕೆಂದರೆ ಒಳಗಿನ ತೇವ ಉಪ್ಪನ್ನು ಕರಗಿಸಿ ಹೊರಗೆ ತರುತ್ತಿರುತ್ತದೆ. ತೇವ ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ನಮ್ಮ ಕೆಲಸ. ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಕೇಳಿ. ಮಾಳಿಗೆ ಮೇಲೆ ನೀರು ನಿಲ್ಲಿಸಿ, ಕೆಳಗೆ ಬಂದು ಕಾಯಿರಿ. ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಲು ಹೇಳಿ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ.

ನಾನು ಒಮ್ಮೆ ತಪ್ಪು ಮಾಡಿದೆ. ಏಪ್ರಿಲ್ ಬಿಸಿಲಲ್ಲಿ ಒಂದು ಮನೆ ನೋಡಿ "ಮಾಳಿಗೆ ಸೋರುವುದಿಲ್ಲ" ಅಂತ ಬರೆದುಕೊಟ್ಟೆ. ನೀರು ನಿಲ್ಲಿಸಿ ನೋಡಿರಲಿಲ್ಲ, ಟ್ಯಾಂಕ್ ಖಾಲಿ ಇತ್ತು. ಮಳೆಗಾಲದಲ್ಲಿ ಆ ಮನೆಯ ಹೆಂಗಸು ಫೋನ್ ಮಾಡಿದರು. ಬಯ್ಯಲಿಲ್ಲ. "ನಿಮ್ಮನ್ನ ನಂಬಿ ತಗೊಂಡ್ವಿ" ಅಂದರು ಅಷ್ಟೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಆಮೇಲಿಂದ ನೋಡಲು ಆಗದ್ದನ್ನೆಲ್ಲ ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ. ನೀರಿರಲಿಲ್ಲ, ನೋಡಿಲ್ಲ. ಬೀಗ ಹಾಕಿತ್ತು, ನೋಡಿಲ್ಲ.

ಮಾರುವವರ ಕಡೆಯಿಂದ, ಬ್ರೋಕರ್ ಕಡೆಯಿಂದ ಒಂದು ರೂಪಾಯಿಯೂ ಬೇಡ. ನಿಮಗೆ ಸಂಬಳ ಕೊಡುವವರು ಕೊಳ್ಳುವವರು. ರಿಯಲ್ ಎಸ್ಟೇಟ್ ಕಾಯ್ದೆ ರೇರಾದಲ್ಲಿ ನೋಂದಾಯಿಸಿದ ಫ್ಲ್ಯಾಟ್ ಆದರೆ, ಸ್ವಾಧೀನಕ್ಕೆ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಹೇಳಿದಾಗ ಬಿಲ್ಡರ್ 30 ದಿನದಲ್ಲಿ ದುಡ್ಡು ಕೇಳದೆ ಸರಿ ಮಾಡಿಕೊಡಬೇಕು. ಆಗ ನಿಮ್ಮ ತಾರೀಕು, ಫೋಟೊ, ಅಳತೆ ಇರುವ ವರದಿ ಆ ಕುಟುಂಬದ ಕೈಗೆ ಬರುತ್ತದೆ. ಒಂದು ಸಾಲು ಸುಮ್ನೆ ಬರೆದಿದ್ದರೂ ಪೆಟ್ಟು ಬೀಳುವುದು ಅವರಿಗೇ.

ಬಂಗಾರಪೇಟೆ ಹುಡುಗನಿಗೆ ಶನಿವಾರ ಮಾಲೂರಿಗೆ ಬಾ ಅಂದಿದ್ದೇನೆ, ಒಂದು ಮನೆ ನೋಡೋದಿದೆ. ಟಾರ್ಚು, ರಸಮಟ್ಟ, ಒಂದು ನೋಟ್‌ಬುಕ್ ತರಲು ಹೇಳಿದೆ. ಮನೆಯವರಿಗೆ ಹಿಂದಿನ ದಿನವೇ ಟ್ಯಾಂಕ್ ತುಂಬಿಸಿಡಲು ಹೇಳಿಯಾಗಿದೆ.